ಗುಬ್ಬಿಯ ಸಾಕ್ಷಿ

ಅರೆಬರೆ ಕೆಲಸ ಕಂಡರೆ ನಮ್ಮಕ್ಕನಿಗೆ ಮೈ ಉರಿಯುತ್ತದೆ. ಬಟ್ಟೆಗಳ ಹೊಲಿಗೆ ಬಿಚ್ಚಿ ಅಳತೆಗೆ ಸರಿಮಾಡಿಕೊಡುವ ಪುಟ್ಟ ಅಂಗಡಿ ಅವಳದು. ನಾನು ಅಲ್ಲೇ ಮೂಲೆಯಲ್ಲಿ ಗುಂಡಿ ಹೊಲಿಯುತ್ತಾ ಅವಳ ಕೈಲಿ ಬೈಸಿಕೊಳ್ಳುತ್ತಿರುತ್ತೇನೆ. ಅವಳಿಗೆ ಮದುವೆ ಯಾಕಾಗಲಿಲ್ಲವೆಂದು ಕೇಳಿದವರಿಗೆ, "ಚರ್ಚಿನ ಮಕ್ಕಳು ಸಾಲದಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಮಕ್ಕಳೆಂದರೆ ಅಕ್ಕ ನಡೆಸುತ್ತಿದ್ದ ಯೌವನಸ್ಥರ ಕೂಟದವರು. ಆಗಷ್ಟೇ ಮೀಸೆ ಚಿಗುರುತ್ತಿರುವ ಹುಡುಗರು, ಮಾತಿಗೆ ಮುಂಚೆ ಕಿಸಕ್ಕನೆ ನಗುವ ಹುಡುಗಿಯರು. ಪ್ರತಿ ಭಾನುವಾರ ಅವರಲ್ಲೊಬ್ಬರು ಸಭೆಯ ಮುಂದೆ ನಿಂತು, ತನ್ನ ಬದುಕಿನಲ್ಲಿ ದೇವರು ಏನು ಮಾಡಿದನೆಂದು ಸಾಕ್ಷಿ ಹೇಳಬೇಕು. ಹಿಂದಿನ ದಿನ ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಮುರುಕು ಬೆಂಚುಗಳ ನಡುವೆ, ಅಕ್ಕ ಅದನ್ನು ಕೇಳಿ ತಿದ್ದುತ್ತಿದ್ದಳು. ಅಲ್ಲೂ ಅವಳದು ಕತ್ತರಿ ಕೆಲಸವೇ. ಅಳು ಸ್ವಲ್ಪ ಇದ್ದರೆ ಸಾಕು, ಅನುಮಾನ ಬೇಡವೇ ಬೇಡ, ಪ್ರಾರ್ಥನೆಗೆ ಉತ್ತರ ಸಿಕ್ಕಿರಬೇಕು, ಸ್ತೋತ್ರ ಹೇಳಿ ಕೂರಬೇಕು. ಉತ್ತರ ಇನ್ನೂ ಸಿಕ್ಕಿಲ್ಲವೆಂದರೆ, "ಸಿಕ್ಕಿದೆ ಅಂತ ನಂಬಿ ಹೇಳು, ಅದೇ ವಿಶ್ವಾಸ" ಎನ್ನುವಳು. ನಮ್ಮಲ್ಲಿ ಎಲ್ಲರೂ ಮಾತಾಡುವುದು ಹಾಗೆಯೇ. ಯಾರಿಗೂ ಅದು ಸುಳ್ಳೆನಿಸುವುದಿಲ್ಲ.

ಒಮ್ಮೆ ಗುಬ್ಬಿಯ ಸರದಿ ಬಂತು. ಸಣ್ಣಗಿದ್ದಳೆಂದು ಕೂಟದವರೇ ಇಟ್ಟ ಹೆಸರು ಅದು. ಮನೆಯಲ್ಲಿ ಅವಳು ಮತ್ತು ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ ತಾಯಿ, ಇಬ್ಬರೇ. ತಾಯಿಗೆ ಜೋರಾದ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು.

"ಅಮ್ಮಂಗೆ ಈಗ ಸುಸ್ತು ಕಡಿಮೆ ಅಕ್ಕ. ಪೂರ್ತಿ ವಾಸಿಯಾಗ್ಲಿ ಅಂತ ಇನ್ನೂ ಪ್ರಾರ್ಥನೆ ಮಾಡ್ತಿದೀನಿ" ಎಂದಳು ಗುಬ್ಬಿ.

"ಇನ್ನೂ ಅಂದ್ರೆ ಕೇಳೋರಿಗೆ ಏನು ಸಿಕ್ತು? ವಾಸಿಯಾಯ್ತು ಅನ್ನು."

"ಸೂಜಿ ತಗೋತಾನೇ ಇದಾಳಲ್ಲ ಅಕ್ಕ?"

"ಅದು ಡಾಕ್ಟ್ರ ಕೆಲಸ, ಇದು ದೇವರ ಕೆಲಸ. ಬಾಯಿ ತುಂಬ ಹೇಳು ಕಣೇ."

ಗುಬ್ಬಿ ಬಾಯಿ ತುಂಬ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ. ಪಾಸ್ಟರು ತಾಯಿಯನ್ನೂ ಎಬ್ಬಿಸಿ ನಿಲ್ಲಿಸಿದರು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಮ್ಮಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ ವಾರವೇ ತಾಯಿ ಇನ್ಸುಲಿನ್ ಬಿಟ್ಟಳು. ಮಗಳಿಗೆ ಸುಳಿವು ಸಿಗಬಾರದೆಂದು ಎಂದಿನಂತೆ ಔಷಧ ಹಿಡಿದು ಬಚ್ಚಲಿಗೆ ಹೋಗಿ, ಅಲ್ಲೇ ಚೆಲ್ಲಿ ಬರುತ್ತಿದ್ದಳಂತೆ. ಕೆಲವೇ ದಿನಗಳಲ್ಲಿ ಪ್ಯಾಕಿಂಗ್ ಮೇಜಿನ ಪಕ್ಕದಲ್ಲೇ ಕುಸಿದುಬಿದ್ದಳು. ಸುದ್ದಿ ತಿಳಿದು ನಾವಿಬ್ಬರೂ ಆಸ್ಪತ್ರೆಗೆ ಓಡಿದೆವು.

"ಇದೇನ್ ಮಾಡ್ಕೊಂಡ್ರಿ ನೀವು!" ಎಂದು ನರ್ಸ್ ಗದರುತ್ತಿದ್ದಳು.

"ಮಗಳು ಅಷ್ಟು ಜನರ ಮುಂದೆ ಹೇಳಿದಾಳಮ್ಮ," ತಾಯಿ ಏದುಸಿರು ಬಿಡುತ್ತಲೇ ಅಂದಳು, "ಆಮೇಲೂ ಚುಚ್ಕೊಂಡ್ರೆ ಅವಳು ಸುಳ್ಳಿ ಆಗಲ್ವಾ?"

ಅಕ್ಕ ಮಂಚದ ಕಂಬಿ ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮನ್ನು ಹೊರಗೆ ಕಳಿಸಿದರು. ತಾಯಿ ಮತ್ತೆ ಕಣ್ಣು ಬಿಡಲಿಲ್ಲ.

ಗುಬ್ಬಿ ಚಿಕ್ಕಮ್ಮನ ಮನೆ ಸೇರಿದಳು. ಕೂಟಕ್ಕೆ ಬರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು.

"ನಾನು ಸುಳ್ಳು ಹೇಳಿದ್ದಕ್ಕೆ ದೇವರು ಅಮ್ಮನ್ನ ಕರ್ಕೊಂಡ್ನಾ ಅಕ್ಕ?"

ಅಕ್ಕ ಹೊಲಿಗೆ ಮಿಷನ್ ನಿಲ್ಲಿಸಿ ಎದ್ದಳು. "ಇಲ್ಲ. ಆ ಸುಳ್ಳು ನಿನ್ನದಲ್ಲ, ನಂದು."

"ಹಾಗಂತ ಎಲ್ಲರ ಮುಂದೆ ಹೇಳ್ತೀರಾ? ನನ್ನ ವಿಶ್ವಾಸ ಸಾಲದೇ ಅಮ್ಮ ಹೋದ್ಲು ಅಂತ ಚರ್ಚಲ್ಲಿ ಆಡ್ಕೋತಿದಾರೆ."

ಭಾನುವಾರ ಅಕ್ಕ ಸಭೆಯ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳತೊಡಗಿದಳು. ಪಾಸ್ಟರು ಸಾಕೆಂದು ಕೈಸನ್ನೆ ಮಾಡಿದರು. ಮುಂದಿನ ಸಾಲಿನಲ್ಲಿ ಯಾರೋ ಹಾಡು ಎತ್ತಿಕೊಂಡರು. ಅವರ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು ನನಗೆ. ಅಕ್ಕ ಹಾಡು ಮುಗಿಯುವವರೆಗೂ ಅಲ್ಲೇ ನಿಂತು, ಉಳಿದದ್ದನ್ನೂ ಹೇಳಿಯೇ ಕೆಳಗಿಳಿದಳು. ಕೂಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಪಾಸ್ಟರಿಗೂ ತಿಳಿಸಿದಳು.

ಹೊರಗೆ ಮೆಟ್ಟಿಲ ಹತ್ತಿರ ಗುಬ್ಬಿ ಬಂದಳು.

"ನಿಮ್ಮನ್ನ ಕ್ಷಮಿಸಬೇಕು ಅಂತಾರೆ ಚಿಕ್ಕಮ್ಮ. ನನ್ ಕೈಲಿ ಆಗ್ತಿಲ್ಲ ಅಕ್ಕ."

ಅಕ್ಕ ಅವಳೆದುರು ಮೆಟ್ಟಿಲ ಮೇಲೆ ಕೂತಳು. "ಆಗದೇ ಇರೋದನ್ನ ಆಯ್ತು ಅಂತ ಹೇಳ್ಬೇಡ ಮಗಾ. ನಾನು ಕೇಳಿದ್ರೂ ಹೇಳ್ಬೇಡ."

ಗುಬ್ಬಿ ತಲೆಯಾಡಿಸಿ, ಚಿಕ್ಕಮ್ಮನ ಹಿಂದೆ ಹೊರಟುಹೋದಳು.