ಮೈನಸ್‌ಗೆ ಇಳಿದ ಮೀಟರು

ಗ್ಯಾಸ್ ಮೀಟರು ರಿಪೇರಿ ನನ್ನ ಕೆಲಸ. ಕೆ.ಆರ್. ಪುರದ ಒಂದು ಸಣ್ಣ ವರ್ಕ್‌ಶಾಪಿನಿಂದ ಕರೆ ಬಂತು. ನೈಟ್ರೋಜನ್ ಸಿಲಿಂಡರು ಬೇಗ ಖಾಲಿಯಾಗ್ತಿದೆ, ಆದರೆ ಮೆಷಿನ್ ನಿಲ್ಲಿಸಿದಾಗ ಫ್ಲೋ ಕಂಟ್ರೋಲರ್ ಸೊನ್ನೆಯನ್ನೇ ತೋರಿಸುತ್ತೆ ಅಂದರು. ಗ್ಯಾಸನ್ನು ಬೇಕಾದಷ್ಟೇ ಅಳೆದು ಬಿಡುವ, ಅಂಗೈಯಷ್ಟು ಪೆಟ್ಟಿಗೆ ಅದು.

ಕಿಟಕಿ ಮುಚ್ಚಿದ ಏಸಿ ರೂಮಿನಲ್ಲಿ ಆಪರೇಟರ್ ರಫೀಕ್ ಇದ್ದರು. ನಡುವಯಸ್ಸಿನವರು, ಮುಖ ಬಾಡಿತ್ತು.

"ರಂಜಾನ್ ರೋಜಾ ಅಲ್ವಾ, ಬೆಳಿಗ್ಗೆ ಬಂದು ಕೂತ್ರೆ ತಲೆ ಸುತ್ತುತ್ತೆ. ನಿನ್ನೆ ಬಿದ್ದೇಬಿಟ್ಟೆ. ಮನೇಲಿ ಉಪವಾಸ ಬಿಡಿ ಅಂತ ಅಳ್ತಾರೆ."

ನಾನು ಸಿಲಿಂಡರನ್ನು ಪೂರ್ತಿ ಬಂದ್ ಮಾಡಿದೆ. ಸೊನ್ನೆಯಲ್ಲಿದ್ದ ಕಂಟ್ರೋಲರಿನ ಮೀಟರು ಮೈನಸ್‌ಗೆ ಇಳಿಯಿತು. ಅಂದರೆ ಸೊನ್ನೆ ತೋರಿಸುತ್ತಿದ್ದಾಗಲೂ ಗ್ಯಾಸು ಹರಿಯುತ್ತಲೇ ಇತ್ತು. ಎದ್ದು ಕಿಟಕಿ ತೆಗೆದೆ.

"ಇದರ ಜೀರೋ ಬಟನ್ ಯಾರು ಒತ್ತಿದ್ದು?"

"ನಾನೇ, ದಿನಾ ಬೆಳಿಗ್ಗೆ. ಮುಂಚೆ ಕಮರ್ಷಿಯಲ್ ಸ್ಟ್ರೀಟಲ್ಲಿ ಚಿನ್ನದ ಅಂಗಡೀಲಿದ್ದೆ. ತಕ್ಕಡಿ ಸೊನ್ನೆ ಮಾಡದೆ ಬೋಣಿ ಮಾಡೋ ಹಾಗಿರಲಿಲ್ಲ. ಇದೂ ಬೆಳಿಗ್ಗೆ ಸ್ವಲ್ಪ ಜಾಸ್ತಿ ತೋರಿಸ್ತಿರುತ್ತೆ. ಸುಳ್ಳು ತೂಕ ಹರಾಮ್ ಅಲ್ವಾ."

ಆ ಜಾಸ್ತಿಯೇ ನಿಜ, ಒಳಗಿನ ವಾಲ್ವ್ ಸೋರುತ್ತಿದೆ, ನೈಟ್ರೋಜನ್ ರಾತ್ರಿಯಿಡೀ ಈ ರೂಮಲ್ಲೇ ತುಂಬಿಕೊಳ್ಳುತ್ತೆ, ಉಸಿರಾಡೋಕೆ ಆಕ್ಸಿಜನ್ ಸಾಲಲ್ಲ ಅಂದೆ.  ಅವರು ಕಿಟಕಿ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿ, ರೋಜಾದಿಂದ ಆಗಿದ್ದಲ್ಲ ಅಂತ ಅಷ್ಟೇ ಹೇಳಿದರು.

ಈಗಲೂ ಯಾವ ಮೀಟರಾದರೂ ಸರಿಯಾಗಿ ಸೊನ್ನೆ ತೋರಿಸಿದರೆ, ನಾನು ಮೊದಲು ಕಿಟಕಿ ತೆಗೀತೀನಿ. ನಂಬೋದು ಆಮೇಲೆ.