ಮುಚ್ಚಳದ ಮೇಲಿನ ಕೆಂಪು ಬೊಟ್ಟು

ನಮ್ಮ ಮನೆಯ ಕಾಫಿಪುಡಿಯ ಗಾಜಿನ ಬಾಟಲಿ ಮೇಲೆ ಮಾರ್ಕರ್ ಪೆನ್ನಿನ ಸಣ್ಣ ಸಣ್ಣ ಗೆರೆಗಳಿವೆ. ಭಾನುವಾರ ಪುಡಿ ಎಲ್ಲಿತ್ತು, ಬುಧವಾರದ ಹೊತ್ತಿಗೆ ಎಲ್ಲಿಗಿಳಿಯಿತು ಎಂದು ತಿಳಿಯಲು ನಾನೇ ಎಳೆದದ್ದು. ಮನೆಯಲ್ಲಿರುವುದು ನಾನು ಮತ್ತು ನನ್ನ ಹೆಂಡತಿ ಶಾರದಾ, ಇಬ್ಬರೇ. ಹಾಗಾದರೆ ಕಳ್ಳರು ಯಾರು ಎಂದು ನೀವು ಕೇಳಬಹುದು. ಅವಳೂ ಕೇಳಿದಳು. "ಏನ್ರೀ, ನೀವು ಮಲಗಿದ್ದಾಗ ನಾನೊಂದು ಲೋಟ ಕಾಫಿ ಮಾಡ್ಕೊಂಡು ಕುಡಿದ್ರೆ ಅದು ಕಳ್ಳತನಾನಾ?" ಅಲ್ಲ ಎಂದೆ. ಗೆರೆ ಎಳೆಯುವುದನ್ನು ಮಾತ್ರ ಬಿಡಲಿಲ್ಲ.

ಇದು ಹುಟ್ಟುಗುಣವಲ್ಲ, ಕಲಿತ ವಿದ್ಯೆ. ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದವನು ನಾನು. ಇನ್ನೊಬ್ಬರು ಬಿಗಿದ ನಟ್ಟು ನಿಜವಾಗಿಯೂ ಬಿಗಿಯಾಗಿದೆಯೇ ಎಂದು ನೋಡುವುದು, ಸರಿಯಿದ್ದರೆ ಅದರ ಮೇಲೆ ಒಂದು ಬೊಟ್ಟು ಕೆಂಪು ಬಣ್ಣ ಇಡುವುದು, ಇಷ್ಟೇ ಕೆಲಸ. ನಾಳೆ ಆ ಬಣ್ಣ ಬಿರಿದಿದ್ದರೆ ಯಾರೋ ಕೈ ಹಾಕಿದ್ದಾರೆಂದು ಅರ್ಥ. ಸಂಬಳ ಕೊಟ್ಟು ಸಂಶಯ ಕಲಿಸಿದವರು ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರು. ಸಂಶಯವನ್ನು ಮಾತ್ರ ವಾಪಸು ಪಡೆಯಲಿಲ್ಲ. ಅರ್ಧ ಬಾಟಲಿ ಕೆಂಪು ಬಣ್ಣವೂ ನನ್ನ ಜೊತೆಗೇ ಮನೆಗೆ ಬಂತು. ಅದು ಹೇಗೆ ಬಂತೆಂದು ದಯವಿಟ್ಟು ವಿಚಾರಿಸಬೇಡಿ.

ಹಾಗೆ ನೋಡಿದರೆ ಮುದ್ರೆ ಒತ್ತುವುದು ನಮ್ಮ ಹಳೆಯ ಚಾಳಿ. ಹಿಂದಿನವರು ಕಣದಲ್ಲಿ ಕಾಳಿನ ರಾಶಿ ಮಾಡಿದ ಮೇಲೆ ಅದರ ಮೈಮೇಲೆ ಬೂದಿಯ ಗುರುತು ಹಾಕಿ ಮನೆಗೆ ಹೋಗುತ್ತಿದ್ದರಂತೆ. ಒಂದು ಬೊಗಸೆ ತೆಗೆದರೂ ಗುರುತು ಕದಡುತ್ತದೆ. ಅಂಚೆ ಕಚೇರಿಯವರು ಚೀಲಕ್ಕೆ ಅರಗು ಕಾಯಿಸಿ ಹಾಕುತ್ತಿದ್ದರು, ವಿದ್ಯುತ್ ಇಲಾಖೆಯವರು ಮೀಟರಿಗೆ ಸೀಸದ ಗುಂಡು ಕಟ್ಟುತ್ತಿದ್ದರು. ಅಂದಮೇಲೆ ನಾನೊಬ್ಬ ನನ್ನ ಗಾಡಿಯ ಎಣ್ಣೆ ಡಬ್ಬಿಗೆ ಒಂದು ಬೊಟ್ಟು ಇಟ್ಟರೆ ಏನು ತಪ್ಪು? ಆ ಬೊಟ್ಟಿನಿಂದ ಇಪ್ಪತ್ತು ವರ್ಷದ ಒಂದು ನಂಟೇ ಕಡಿದುಹೋಗುವುದರಲ್ಲಿತ್ತು ಎಂಬುದು ಬೇರೆ ಮಾತು. ಅದನ್ನೇ ಹೇಳಹೊರಟಿದ್ದೇನೆ.

ಗಾಡಿಯೆಂದರೆ ಹಳೆಯದೊಂದು ಪಿಕಪ್. ಶಾರದಾ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿಸಿ ಅಂಗಡಿಗಳಿಗೆ ಹಾಕುತ್ತಾಳೆ. ಕಗ್ಗದಾಸಪುರದ ಮನೆಯಿಂದ ಇಂದಿರಾನಗರ, ಹಲಸೂರು ಮುಗಿಸಿ ಶಿವಾಜಿನಗರದವರೆಗೆ ಡಬ್ಬ ಮುಟ್ಟಿಸುವ ಚಾಲಕ ನಾನು. ಶಿವಾಜಿನಗರದ ಒಂದು ಸಂದಿಯಲ್ಲಿ ಗ್ಯಾರೇಜು ಇಟ್ಟಿರುವ ಬಶೀರ್ ಭಾಯ್ ಮೊದಲು ನನ್ನ ಸ್ಕೂಟರನ್ನು ನೋಡಿಕೊಂಡವರು, ಆಮೇಲೆ ಈ ಪಿಕಪ್ಪನ್ನು. ನನಗೆ ಟೈಫಾಯ್ಡ್ ಬಂದು ಮಲಗಿದ್ದಾಗ ಒಂದು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಬಂದು, ಚಕ್ಕುಲಿ ಡಬ್ಬಗಳನ್ನು ತಾವೇ ಅಂಗಡಿಗಳಿಗೆ ಹಾಕಿ, ಆಮೇಲೆ ತಮ್ಮ ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದ ಮನುಷ್ಯ.

ಇಂಥವರ ಮೇಲೆ ನನಗೆ ಅನುಮಾನ ಬಂದದ್ದು ಚಹಾದಿಂದ. ಗಾಡಿಯನ್ನು ಬಿಟ್ಟ ಕೂಡಲೇ ಅವರು, "ಸಾರ್, ನೀವು ಚಾಯ್ ಕುಡ್ಕೊಂಡ್ ಬನ್ನಿ," ಎಂದು ನನ್ನನ್ನು ಸಾಗಹಾಕುತ್ತಿದ್ದರು. ಇಷ್ಟು ವರ್ಷ ಕುಡಿದು ಬಂದಿದ್ದೆ. ಒಂದು ದಿನ ಗ್ಲಾಸು ಕೈಯಲ್ಲಿ ಹಿಡಿದಾಗ ತಲೆಗೆ ಹುಳ ಹೊಕ್ಕಿತು. ನಾನಿಲ್ಲದಾಗ ಅಲ್ಲಿ ನಡೆಯುವುದೇನು? ಹೊಸ ಎಣ್ಣೆ ತೆಗೆದು ಹಳೆಯದನ್ನು ಸುರಿದರೆ ನನಗೆ ತಿಳಿಯುವುದಾದರೂ ಹೇಗೆ? ಮುಂದಿನ ಸಲ ಚಹಾ ಬೇಡವೆಂದು ಪಕ್ಕದಲ್ಲೇ ನಿಂತು, ಸ್ಟೀರಿಂಗನ್ನು ಹಗುರಾಗಿ ತಿರುಗಿಸಲು ನೆರವಾಗುವ ಪವರ್ ಸ್ಟೀರಿಂಗ್ ಎಣ್ಣೆ ಬದಲಾಯಿಸಿಕೊಂಡೆ. ಮನೆಗೆ ಬಂದವನೇ, ಎಂಜಿನ್ ಇನ್ನೂ ಬಿಸಿಯಿರುವಾಗಲೇ, ಆ ಎಣ್ಣೆ ಇರುವ ಡಬ್ಬಿಯ ಮುಚ್ಚಳಕ್ಕೆ ಕೆಂಪು ಬಣ್ಣ ಹಚ್ಚಿದೆ. ಅಂಚಿನ ಸುತ್ತಲೂ ಒಂದು ಗೆರೆ, ನಡುನೆತ್ತಿಯ ಮೇಲೆ ದಪ್ಪಗೆ ಒಂದು ಬೊಟ್ಟು. ಕಾರ್ಖಾನೆಯಲ್ಲೂ ನಾನು ಅಷ್ಟು ಚೆನ್ನಾಗಿ ಹಚ್ಚಿರಲಿಲ್ಲ.

ಕೆಲವೇ ದಿನಗಳಲ್ಲಿ ಸ್ಟೀರಿಂಗು ಮುನಿಸಿಕೊಂಡಿತು. ಬೆಳಿಗ್ಗೆ ಗಾಡಿ ಹೊರಡಿಸಿದರೆ ಬಾನೆಟ್ಟಿನೊಳಗಿಂದ ಗುಂಯ್ ಎಂಬ ನರಳಾಟ. ಸ್ಟೀರಿಂಗ್ ಚಕ್ರ ತಿರುಗಿಸಬೇಕೆಂದರೆ ರುಬ್ಬುವ ಗುಂಡಿನ ಜೊತೆ ಗುದ್ದಾಡಿದಂತೆ ಎರಡೂ ಭುಜ ಹಾಕಬೇಕು. ರೈಲ್ವೆ ಗೇಟಿನ ತಿರುವಿನಲ್ಲಿ ಒಂದು ದಿನ ತಿರುಗಿಸಲಾರದೆ ಎದುರು ಮನೆಯ ಕಾಂಪೌಂಡಿಗೆ ಮುತ್ತಿಟ್ಟೆ. ಆದರೆ ಇಂದಿರಾನಗರ ದಾಟುವಷ್ಟರಲ್ಲಿ ನರಳಾಟ ಇಳಿಯುತ್ತಿತ್ತು, ಹಲಸೂರಿನಲ್ಲಿ ಹಗುರಾಗುತ್ತಿತ್ತು, ಶಿವಾಜಿನಗರದಲ್ಲಿ ಬಶೀರ್ ಭಾಯ್ ಕುಳಿತು ತಿರುಗಿಸಿದರೆ ಒಂದೇ ಬೆರಳಿಗೆ ಸುತ್ತುತ್ತಿತ್ತು.

"ಸಾರ್, ಗಾಡಿ ಏಕ್ದಂ ಮಕ್ಕನ್ ಇದೆ. ಎಲ್ಲಿದೆ ಪ್ರಾಬ್ಲಮ್ಮು?"

ಬೆಣ್ಣೆಯಂತಿದೆ ಎಂದು ಅವರು ಹೇಳಿದಷ್ಟೂ ನನಗೆ ಉರಿಯುತ್ತಿತ್ತು. ಅವರೆದುರು ನಾನೇ ಸುಳ್ಳುಗಾರನಂತಾದೆ. ಬೆಲ್ಟು ನೋಡಿದರು, ಟೈರಿನ ಗಾಳಿ ನೋಡಿದರು, ಕೀಲುಗಳಿಗೆ ಗ್ರೀಸು ತುಂಬಿದರು. ಎಣ್ಣೆಯ ಮಟ್ಟ ಡಬ್ಬಿಯ ಹೊರಗಿನಿಂದಲೇ ಕಾಣುವುದರಿಂದ ಬಗ್ಗಿ ನೋಡಿ, "ಇದೆ," ಎಂದರು. ನನ್ನ ಮುದ್ರೆ ಬಿರಿದಿರಲಿಲ್ಲ. ಆದ್ದರಿಂದ ಎಣ್ಣೆ ಕದ್ದಿಲ್ಲ. ಹಾಗಾದರೆ ಇನ್ನೇನೋ ಮಾಡಿದ್ದಾರೆ! ಇವರ ಬಾಗಿಲಿನ ಮುಂದೆ ಮಾತ್ರ ಗಾಡಿ ಸರಿಹೋಗುತ್ತದೆಂದರೆ ಗಾಡಿಗೂ ಇವರಿಗೂ ಏನೋ ಒಳಒಪ್ಪಂದ ಇರಬೇಕು. ಸಂಶಯದ ಗುಣವೇ ಇದು. ನಿರಪರಾಧಿತ್ವಕ್ಕೆ ಸಾಕ್ಷಿ ಸಿಕ್ಕಷ್ಟೂ ಅಪರಾಧ ದೊಡ್ಡದಾಗಿ ಕಾಣುತ್ತದೆ.

ಕಡೆಗೆ ಕೆ.ಆರ್. ಪುರದ ಕಡೆಯ ಹೊಸ ಗ್ಯಾರೇಜೊಂದಕ್ಕೆ ಹೋದೆ. ಇಸ್ತ್ರಿ ಶರ್ಟಿನ ಒಬ್ಬಾತ ಬಾನೆಟ್ಟು ಎತ್ತದೆಯೇ, "ಸ್ಟೀರಿಂಗ್ ಪಂಪು, ಬಾಕ್ಸು ಎಲ್ಲಾ ಚೇಂಜ್ ಮಾಡ್ಬೇಕು ಸಾರ್," ಎಂದ. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ ನೋಡಿ. ಇಪ್ಪತ್ತು ವರ್ಷ ಬಲ್ಲವರನ್ನು ಶಂಕಿಸಿದವನು ಇಪ್ಪತ್ತು ನಿಮಿಷ ಕಂಡವನನ್ನು ನಂಬಿ, ಸೋಮವಾರ ಗಾಡಿ ತರುವುದಾಗಿ ಹೇಳಿ ಬಂದೆ. ಬಶೀರ್ ಭಾಯ್ ಸಹವಾಸ ಇನ್ನು ಸಾಕೆಂದು ಮನೆಯಲ್ಲಿ ಘೋಷಿಸಿಯೂ ಬಿಟ್ಟೆ.

ಶಾರದಾ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದಳು. "ನೀವು ಜ್ವರದಲ್ಲಿ ಬಿದ್ದಿದ್ದಾಗ ಅವ್ರು ತಂದ ದುಡ್ಡನ್ನ ನಾನು ಒಂದಿನಾನೂ ಎಣಿಸ್ಲಿಲ್ಲ ರೀ. ಸಾಕು ಅನ್ನೋ ಮಾತನ್ನ ಅವ್ರ ಮುಖ ನೋಡ್ಕೊಂಡು ಹೇಳಿ." ನನ್ನನ್ನು ಕೇಳದೆ ಫೋನ್ ಮಾಡಿಯೂ ಬಿಟ್ಟಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಶೀರ್ ಭಾಯ್ ಸ್ಕೂಟರಿನಲ್ಲಿ ಬಂದಿಳಿದರು. ತಣ್ಣಗೆ ನಿಂತಿದ್ದ ಗಾಡಿಯನ್ನು ನಾನು ಹೊರಡಿಸಿದೆ. ಗುಂಯ್! ಅವರಿಗೆ ಆ ಸದ್ದು ಕೇಳಿಸಿದ್ದು ಅದೇ ಮೊದಲು. ಬಾನೆಟ್ಟು ಎತ್ತಿ ಡಬ್ಬಿಯ ಹತ್ತಿರ ಕೈ ಒಯ್ದವರು ಮುಟ್ಟದೆ ನಿಲ್ಲಿಸಿದರು.

"ಸಾರ್, ಇದನ್ನ ತೆಗೀಬಹುದಾ?"

"ಅದನ್ನೇನು ಕೇಳ್ತೀರಿ ಭಾಯ್?"

"ನೀವು ಮುದ್ರೆ ಹಾಕಿದೀರಲ್ಲ. ಬಂದಾಗ್ಲೆಲ್ಲಾ ನೋಡ್ತಿದೀನಿ. ನೀವಾಗೇ ತೆಗೀರಿ ಅನ್ನೋವರ್ಗೂ ಮುಟ್ಬಾರ್ದು ಅಂತ ಸುಮ್ನಿದ್ದೆ."

ಯಾರಿಗಾಗಿ ಹಾಕಿದ ಮುದ್ರೆ ಎಂದು ಅವರಿಗೆ ಮೊದಲ ದಿನವೇ ತಿಳಿದಿತ್ತು. ತಿಳಿದೂ ಬೆಲ್ಟು ನೋಡಿದ್ದರು, ಗ್ರೀಸು ತುಂಬಿದ್ದರು. ನನಗೆ ನಾಚಿಕೆಯಾಯಿತು. "ತೆಗೀರಿ ಭಾಯ್," ಎಂದೆ.

ಅವರು ಮುಚ್ಚಳ ತಿರುವಿದರು. ನನ್ನ ಬಣ್ಣ ಚಟ್ಟನೆ ಬಿರಿಯಿತು, ಡಬ್ಬಿ ಉಸ್ಸೆಂದು ಗಾಳಿ ಎಳೆದುಕೊಂಡಿತು. "ಈಗ ತಿರುಗ್ಸಿ," ಎಂದರು. ನರಳಾಟ ನಿಂತು, ಚಕ್ರ ಒಂದೇ ಬೆರಳಿಗೆ ಸುತ್ತಿತು. ಮುಚ್ಚಳದ ನಡುನೆತ್ತಿಯಲ್ಲಿ ಸೂಜಿಮೊನೆಯಷ್ಟು ಒಂದು ತೂತಿರುತ್ತದಂತೆ, ಡಬ್ಬಿಯ ಒಳಗೆ ಗಾಳಿಯಾಡಲು. ನನ್ನ ದಪ್ಪ ಬೊಟ್ಟು ಅದರ ಮೇಲೇ ಕೂತಿತ್ತು. ಬಿಸಿಯಲ್ಲಿ ಮುಚ್ಚಿದ ಎಣ್ಣೆ ರಾತ್ರಿ ತಣಿದು ಕುಗ್ಗಿದಾಗ ಒಳಗೆ ಗಾಳಿ ಹೋಗದೆ, ಬೆಳಿಗ್ಗೆ ಪಂಪು ಎಣ್ಣೆ ಎಳೆಯಲಾರದೆ ಒದ್ದಾಡುತ್ತಿತ್ತು. ಓಡಿ ಬಿಸಿಯಾದಂತೆ ಎಣ್ಣೆ ಹಿಗ್ಗಿ ಎಲ್ಲವೂ ಸರಿಯಾಗುತ್ತಿತ್ತು. ಅಪರಾಧಿ ಸಿಕ್ಕಿಬಿದ್ದ. ಕಾರ್ಖಾನೆಯವರು ಶಾಲು ಹೊದಿಸಿದ್ದು ಅವನಿಗೇ.

ಅಷ್ಟಾದರೂ ತಡೆಯಲಾರದೆ ಕೇಳಿದೆ, "ಪ್ರತಿ ಸಲ ಚಾಯ್ ಕುಡೀರಿ ಅಂತ ಯಾಕೆ ಕಳಿಸ್ತಿದ್ರಿ?"

"ನೀವು ಪಕ್ಕದಲ್ಲಿ ನಿಂತ್ಕೊಂಡ್ರೆ ನನ್ ಕೈ ನಡುಗುತ್ತೆ ಸಾರ್. ಇನ್‌ಸ್ಪೆಕ್ಷನ್‌ನವ್ರು ನೀವು!"

ಶಾರದಾಳಿಂದ ಸೂಜಿ ಇಸಿದುಕೊಂಡು ತೂತು ಬಿಡಿಸಿ, ಮುಚ್ಚಳ ಒರೆಸಿ ಹಾಕಿದ ಮೇಲೆ ಅವರು ಹೇಳಿದರು, "ಬಣ್ಣ ತನ್ನಿ ಸಾರ್. ಮತ್ತೆ ಹಾಕಿ, ನಂಗೇನೂ ಬೇಜಾರಿಲ್ಲ. ತೂತೊಂದು ಬಿಟ್ಟು ಹಾಕಿ."

ಒಳಗೆ ಹೋಗಿ ಬಾಟಲಿ ತಂದೆ. ಕುಂಚ ಅದ್ದಿದೆ. ಈಗ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಅವರು, ನಡುಗಿದ್ದು ನನ್ನ ಕೈ. ಕುಂಚವನ್ನು ಹಾಗೇ ಬಣ್ಣದ ಬಾಟಲಿಯೊಳಗಿಟ್ಟು ಅದರ ಮುಚ್ಚಳ ಬಿಗಿದೆ. ಅಷ್ಟರಲ್ಲಿ ಶಾರದಾ ಮೂರು ಲೋಟ ಕಾಫಿ ತಂದಳು.

ಅಂದಿನಿಂದ ಸಂಶಯ ಬಿಟ್ಟೆ ಎಂದರೆ ನೀವು ನಂಬಬೇಡಿ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಕಾಫಿಪುಡಿಯ ಬಾಟಲಿಗೆ ಈಗಲೂ ಗೆರೆ ಎಳೆಯುತ್ತೇನೆ. ಆದರೆ ಬಶೀರ್ ಭಾಯ್ ಬರುವುದು ಗೊತ್ತಿದ್ದರೆ, ಅವರ ಲೋಟದ ಪುಡಿ ಲೆಕ್ಕಕ್ಕೆ ಸಿಗದಿರಲೆಂದು ಎರಡು ಬೆರಳು ಕೆಳಗೇ ಎಳೆದಿರುತ್ತೇನೆ.