ಬಸರಿ ಮರ ಕುಡಿದದ್ದು

"ಕುರಿ ಕೆಂಪಗೆ ಉಚ್ಚೆ ಹೊಯ್ತಾವೆ ಸ್ವಾಮಿ, ಒಂದೀಟು ಬರ್ರಿ."

ಭಾನುವಾರ ಬೆಳಗ್ಗೆ ಕಾಫಿ ಲೋಟ ಕೈಯಲ್ಲಿದ್ದಾಗ ಕುರಿಗಾರ ಚಿಕ್ಕಣ್ಣ ಬಾಗಿಲಲ್ಲಿ ನಿಂತು ಹೇಳಿದ ಮಾತಿದು. ಲೋಟ ಅಲ್ಲೇ ಇಟ್ಟು ಹೋದೆ. ಮೂರು ಕುರಿ ಸತ್ತು ಬಿದ್ದಿದ್ದವು. ಉಳಿದ ಕೆಲವಕ್ಕೆ ಕಣ್ಣೆಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿ. ದನದ ಡಾಕ್ಟರಿಗೆ ಹೇಳಿ ಕಳಿಸಿದೆ.

ಚಿಕ್ಕಣ್ಣ ಧರ್ಮಪುರದ ಕಡೆಯವನು. ಬೇಸಿಗೆಗೆ ಮಂದೆ ಹೊಡೆದುಕೊಂಡು ದುರ್ಗಕ್ಕೆ ಬರುತ್ತಾನೆ. ಈ ಸಲ ಜೋಗಿಮಟ್ಟಿ ಗುಡ್ಡದ ಕಡೆ ಮೇವಿಲ್ಲ ಅಂದ. "ನಮ್ಮ ಹಿತ್ತಲ ಬಸರಿ ಸೊಪ್ಪು ಕಡ್ಕಳಪ್ಪ" ಎಂದು ಧಾರಾಳವಾಗಿ ಹೇಳಿದವನು ನಾನೇ. ಒಂದು ತಿಂಗಳಿಂದ ದಿನಾ ಕಡಿದು ಹಾಕುತ್ತಿದ್ದ.

ಆ ಮರ ನಿಮಗೂ ಗೊತ್ತು. (ಹೋದ ವರ್ಷ ಇದೇ ಅಂಕಣದಲ್ಲಿ ಹೊಗಳಿದ್ದೆನಲ್ಲ?) ನಮ್ಮ ಹಿತ್ತಲ ಆಚೆಗೆ ಮೈಲುತುತ್ತ ಮಾಡುವ ಶೆಡ್ಡಿದೆ. ಅಲ್ಲಿಂದ ನೀಲಿ ನೀರು ನಮ್ಮ ಮೋರಿಗೆ ಬರುತ್ತದೆ. ಹುಲ್ಲು ಸುಟ್ಟುಹೋಯಿತು, ದಾಸವಾಳ ಒಣಗಿತು. ಆದರೂ ಬಸರಿ ಹಚ್ಚಗೆ ನಿಂತಿತ್ತು. ವಿಷವನ್ನೂ ಅರಗಿಸಿಕೊಳ್ಳುವ ಮರ ಎಂದು ಬರೆದು ಬೀಗಿದ್ದೆ.

ದನದ ಡಾಕ್ಟರು ಸೈಕಲ್ಲಿಳಿದು ಕುರಿ ನೋಡಿದರು, ಮೋರಿ ನೋಡಿದರು, ಆಮೇಲೆ ಮರ ನೋಡಿದರು.

"ಮೈಲುತುತ್ತ ಅಂದ್ರೆ ತಾಮ್ರ ಕಣ್ರಿ. ಕುರಿಗೆ ಅದು ಆಗಿಬರಲ್ಲ. ದಿನಾ ಇಷ್ಟಿಷ್ಟೇ ಒಳಗೆ ಸೇರ್ಕಂಡು, ಒಂದಿನ ಹಿಂಗೆ ಬೀಳ್ತಾವೆ."

"ಮರ ಅರಗಿಸ್ಕಂಡಿಲ್ವಾ?"

"ತಾಮ್ರ ಎಲ್ಲಿ ಅರಗುತ್ತೆ? ಬೇರಲ್ಲಿ, ತೊಗಟೇಲಿ, ಎಲೇಲಿ ಇಟ್ಕಂಡೈತೆ. ಮರ ತಡ್ಕಂಡೈತೆ, ಅಷ್ಟೆ."

ಹೊಗೆಗೊಂದು, ಕೊಳಚೆಗೊಂದು ಮರ ನೆಟ್ಟು ಕೈ ತೊಳೆದುಕೊಳ್ಳುತ್ತೇವಲ್ಲ, ಕುಡಿದದ್ದನ್ನು ಅದು ಎಲ್ಲಿಡುತ್ತದೆ ಎಂದು ಯಾರಾದರೂ ಕೇಳಿದ್ದೇವೆಯೇ? ನಾನಂತೂ ಕೇಳಿರಲಿಲ್ಲ.

ಚಿಕ್ಕಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮರ ಪಾಪ, ಬಾಯಿ ಮುಚ್ಕಂಡಿತ್ತು. ನಾನೇ ಕಡಿದು ಹಾಕ್ದೆ" ಎಂದ. ಮಂದೆಗೆ ದಾರಿ ತೋರುತ್ತಿದ್ದ ಗಂಟೆಕುರಿಯೇ ಸತ್ತಿತ್ತು. ಅದರ ಕೊರಳಿನ ಗಂಟೆ ಬಿಚ್ಚಿ ತಾನೇ ಅಲ್ಲಾಡಿಸುತ್ತ ಮುಂದೆ ನಡೆದ. ಉಳಿದ ಕುರಿಗಳು ಹಿಂದೆ ಹೋದವು.

ಮನಸ್ಸು ತಡೆಯದೆ ಹಿತ್ತಲಿಗೆ ಹೋದೆ. ಅದೇ ಮೋರಿಯ ಪಕ್ಕದಲ್ಲಿ, ಬಸರಿಯಷ್ಟೇ ಹಚ್ಚಗೆ, ನಾನೇ ನೆಟ್ಟ ಕರಿಬೇವು. ಆರು ವರ್ಷದಿಂದ ನಮ್ಮ ಸಾರಿಗೆಲ್ಲ ಅದರದೇ ಸೊಪ್ಪು.

ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು. "ಒಗ್ಗರಣೆ ಹಾಕ್ದೆ, ಊಟಕ್ಕೆ ಬರ್ರಿ" ಎಂದು ಹೆಂಡತಿ ಕೂಗಿದಳು.

ಮಕ್ಕಳು ಆಗಲೇ ತಟ್ಟೆ ಮುಂದೆ ಕೂತಿವೆ. ಏನೆಂದು ಹೇಳಿ ಎಬ್ಬಿಸಲಿ?